ಮುಂಗೈ ಮೇಲಿನ ಗಂಟಿಗೆ ಯಾವ ಕೋಡ್?

ಮುಂಗೈ ಚರ್ಮದೊಳಕ್ಕೆ ಟ್ಯೂಬರ್ಕುಲಿನ್ ಎಂಬ ದ್ರವ ಚುಚ್ಚಿ, ಏಳುವ ಉಬ್ಬನ್ನು ಅಳೆಯುವುದು ಕ್ಷಯದ ಚರ್ಮಪರೀಕ್ಷೆ; ಪಿಪಿಡಿ, ಮಾಂಟೂ ಎಂದರೂ ಇದೇ. ರೋಗ, ಪರೀಕ್ಷೆಗಳನ್ನು ದಾಖಲೆಗೂ ವಿಮೆ ಬಿಲ್ಲಿಗೂ ಅಕ್ಷರ-ಅಂಕಿಗಳಲ್ಲಿ ಬರೆಯುವುದು ಕೋಡಿಂಗ್. ಇವೆರಡರ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದವಕ್ಕೆ ಈ ಸಲ ಉತ್ತರ. ಬೆಂಗಳೂರು, ಮೈಸೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಕೋಡ್ ಮಾಡುವವರು, ಸೂಜಿ ಚುಚ್ಚುವ ನರ್ಸ್‌ಗಳು, ಮಗುವಿನ ದಾಖಲೆಯಲ್ಲಿ ಕೋಡ್ ನೋಡಿ ಗಾಬರಿಯಾದ ಅಪ್ಪ-ಅಮ್ಮಂದಿರು, ಹೀಗೆ ಮೂರು ಕಡೆಯಿಂದ ಪತ್ರಗಳು ಬಂದಿವೆ. ಬೇರೆ ಹೆಸರು ಹೇಳದ ಕಡೆಯೆಲ್ಲ ಕೋಡ್‌ಗಳು ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಐಸಿಡಿ-10-ಸಿಎಂ ಎಂಬ ರೋಗಪಟ್ಟಿಯವು.

ಪ್ರಶ್ನೆ: ಚಾರ್ಟ್‌ನಲ್ಲಿ ನರ್ಸ್ ‘ಪಿಪಿಡಿ ನೋಡಲಾಗಿದೆ, ಎಡ ಮುಂಗೈ, 12 ಮಿ.ಮೀ.’ ಎಂದಷ್ಟೇ ಬರೆದಿದ್ದರು. 10 ದಾಟಿದರೆ ಪಾಸಿಟಿವ್ ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಿಂದ ಚರ್ಮಪರೀಕ್ಷೆ ಪಾಸಿಟಿವ್ ಎಂಬುದರ ಕೋಡ್ ಆರ್ 76.11 ಹಾಕಿದೆ. ಆಡಿಟ್‌ನವರು ತಪ್ಪು ಎಂದು ವಾಪಸ್ ಕಳಿಸಿದರು. ಯಾಕೆ?
(ಕೋಡಿಂಗ್ ಕಲಿಯುತ್ತಿರುವವರು, ಬೆಂಗಳೂರು)

ಉತ್ತರ: ಆಡಿಟ್‌ನವರು ಹೇಳಿದ್ದೇ ಸರಿ. 12 ಮಿಲಿಮೀಟರ್ ಎನ್ನುವುದು ಅಳತೆ. ಪಾಸಿಟಿವ್ ಎನ್ನುವುದು ತೀರ್ಮಾನ. ಅಳತೆಯನ್ನು ನರ್ಸ್ ಬರೆಯಬಹುದು, ತೀರ್ಮಾನವನ್ನು ಚಿಕಿತ್ಸೆ ನೀಡುವ ಪ್ರೊವೈಡರ್, ಸಾಮಾನ್ಯವಾಗಿ ಡಾಕ್ಟರು, ಬರೆಯಬೇಕು. ಕೋಡರ್ ಆದವರು ಅಳತೆ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ.

ಇದು ಬರೀ ನಿಯಮದ ಮಾತಲ್ಲ. ಅದೇ 12 ಮಿ.ಮೀ. ಒಬ್ಬರಿಗೆ ಪಾಸಿಟಿವ್, ಇನ್ನೊಬ್ಬರಿಗೆ ನೆಗೆಟಿವ್. ಅಮೆರಿಕದಲ್ಲಿ ಮೂರು ಗೆರೆಗಳಿವೆ. ಎಚ್‌ಐವಿ ಇರುವವರು, ಇತ್ತೀಚೆಗೆ ಕ್ಷಯರೋಗಿಯ ಒಡನಾಟ ಆದವರು, ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡವರು, ಅಂಗ ಕಸಿ ಮಾಡಿಸಿಕೊಂಡವರು, ದಿನಕ್ಕೆ 15 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋನ್ ಅನ್ನು ಒಂದು ತಿಂಗಳು ಅಥವಾ ಹೆಚ್ಚು ಕಾಲ ತೆಗೆದುಕೊಂಡವರು: ಇವರಿಗೆ 5 ಮಿ.ಮೀ. ಬಂದರೂ ಪಾಸಿಟಿವ್. ಕ್ಷಯ ಹೆಚ್ಚಿರುವ ದೇಶದಿಂದ ಬಂದವರು, ಜೈಲು, ವೃದ್ಧಾಶ್ರಮ, ಆಸ್ಪತ್ರೆಗಳಂಥ ಕಡೆ ಇರುವವರು ಅಥವಾ ಕೆಲಸ ಮಾಡುವವರು, ಕ್ಷಯದ ಕಲ್ಚರ್ ಮಾಡುವ ಲ್ಯಾಬ್ ಸಿಬ್ಬಂದಿ, ಪುಟ್ಟ ಮಕ್ಕಳು: ಇವರಿಗೆ 10. ಇಂಥ ಯಾವ ಕಾರಣವೂ ಇಲ್ಲದವರಿಗೆ 15. ನಿಮ್ಮ ಚಾರ್ಟ್‌ನ ರೋಗಿ ಅಲ್ಲೇ ಹುಟ್ಟಿ ಬೆಳೆದು, ಯಾವ ಅಪಾಯವೂ ಇಲ್ಲದ ವ್ಯಕ್ತಿಯಾಗಿದ್ದರೆ 12 ನೆಗೆಟಿವ್. ನೀವು ಹಾಕಿದ ಕೋಡ್ ಮಾತ್ರ ಅವರ ದಾಖಲೆಯಲ್ಲಿ ಪಾಸಿಟಿವ್ ಎಂದು ಕೂತುಬಿಡುತ್ತಿತ್ತು.

ಮಾಡಬೇಕಾದ್ದು ಇಷ್ಟು. ಪ್ರೊವೈಡರ್ ನೋಟ್ ಪೂರ್ತಿ ಓದಿ. ‘ಪಿಪಿಡಿ ಪಾಸಿಟಿವ್’, ‘ಮಾಂಟೂ ಪಾಸಿಟಿವ್’, ‘ಟ್ಯೂಬರ್ಕುಲಿನ್ ರಿಯಾಕ್ಟರ್’ ಇವುಗಳಲ್ಲಿ ಯಾವುದಿದ್ದರೂ ಆರ್ 76.11ಕ್ಕೆ ಸಾಕು. ಏನೂ ಇಲ್ಲದಿದ್ದರೆ ಅವರಿಗೆ ಕ್ವೆರಿ, ಅಂದರೆ ಬರಹದಲ್ಲಿ ಪ್ರಶ್ನೆ, ಕಳಿಸಿ. ಕ್ವೆರಿಯಲ್ಲಿ ‘ಇದು ಪಾಸಿಟಿವ್ ಅಲ್ಲವೇ?’ ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿ. ‘ಇಂಥ ದಿನ ಹಾಕಿದ ಪಿಪಿಡಿಯ ಅಳತೆ 12 ಮಿ.ಮೀ. ಎಂದಿದೆ. ಇದರ ವೈದ್ಯಕೀಯ ಅರ್ಥವನ್ನು ದಯವಿಟ್ಟು ದಾಖಲಿಸಿ’ ಎಂದು ಕೇಳಿ. ಉತ್ತರ ಬರುವವರೆಗೆ ಆ ಭೇಟಿಗೆ ಪರೀಕ್ಷೆಯ ಕಾರಣದ ಕೋಡ್ ಮಾತ್ರ.

ಇನ್ನೊಂದು: ಬರೀ ಆರ್ 76.1 ಎಂದು ನಿಲ್ಲಿಸಿದರೆ ಕ್ಲೇಮ್ (ವಿಮೆಯವರಿಗೆ ಕಳಿಸಿದ ಬಿಲ್) ವಾಪಸ್ ಬರುತ್ತದೆ. ಐದನೇ ಅಂಕಿ ಬೇಕೇ ಬೇಕು. ಚರ್ಮಪರೀಕ್ಷೆಗೆ 76.11. ರಕ್ತದಲ್ಲಿ ಗಾಮಾ ಇಂಟರ್‌ಫೆರಾನ್ ನೋಡುವ ಪರೀಕ್ಷೆಗೆ, ಅಂದರೆ ಕ್ವಾಂಟಿಫೆರಾನ್‌ನಂಥದಕ್ಕೆ, 76.12.

ಪ್ರಶ್ನೆ: ಒಬ್ಬರೇ ರೋಗಿಗೆ ಆರ್ 76.11 ಮತ್ತು ಝಡ್ 22.7 ಎರಡೂ ಹಾಕಿ ಕಳಿಸಿದ್ದೆವು, ವಿಮೆಯವರಿಂದ ಡಿನೈಯಲ್ (ನಿರಾಕರಣೆ) ಬಂತು. ಎರಡೂ ನಿಜ ತಾನೆ? ಪಿಪಿಡಿ ಪಾಸಿಟಿವ್ ಇತ್ತು, ಡಾಕ್ಟರು ಲೇಟೆಂಟ್ ಟಿಬಿ (ಮೈಯೊಳಗೆ ಸುಪ್ತವಾಗಿರುವ ಕ್ಷಯದ ಸೋಂಕು) ಎಂದೂ ಬರೆದಿದ್ದರು.
(ಕೋಡರ್, ಮೈಸೂರು)

ಉತ್ತರ: ನಿಜ, ಆದರೆ ಒಂದು ಇನ್ನೊಂದನ್ನು ನುಂಗಿದೆ. ಝಡ್ 22.7ರ ಕೆಳಗೆ ‘ಎಕ್ಸ್‌ಕ್ಲೂಡ್ಸ್ 1’ ಟಿಪ್ಪಣಿಯಲ್ಲಿ ಆರ್ 76.11 ಮತ್ತು ಆರ್ 76.12 ಎರಡರ ಹೆಸರೂ ಇದೆ. ಜೊತೆಯಾಗಿ ಹಾಕಬಾರದು ಎಂದು ಅದರ ಅರ್ಥ.

ಗೊಂದಲಕ್ಕೆ ಕಾರಣ ಹಳೆಯ ರೂಢಿ. ಲೇಟೆಂಟ್ ಟಿಬಿಗೆ ಅಮೆರಿಕದ ಪಟ್ಟಿಯಲ್ಲಿ ಬಹುಕಾಲ ಸ್ವಂತ ಕೋಡ್ ಇರಲಿಲ್ಲ. ಹಿಂದಿನ ಪಟ್ಟಿಯಾದ ಐಸಿಡಿ-9ರ ಕಾಲದಲ್ಲಿ ಪರೀಕ್ಷೆ ಪಾಸಿಟಿವ್ ಎಂಬುದಕ್ಕೆ 795.5 ಇತ್ತು, 2011ರ ಅಕ್ಟೋಬರ್‌ನಲ್ಲಿ ಅದು ಚರ್ಮಕ್ಕೆ 795.51, ರಕ್ತಕ್ಕೆ 795.52 ಎಂದು ಒಡೆಯಿತು. ಐಸಿಡಿ-10-ಸಿಎಂ ಬಂದ ಮೇಲೂ ಸೋಂಕು ಖಚಿತವಾದವರನ್ನೂ ಬರೀ ಪರೀಕ್ಷೆ ಪಾಸಿಟಿವ್ ಬಂದವರನ್ನೂ ಆರ್ 76.11ಕ್ಕೇ ತುಂಬುತ್ತಿದ್ದರು. 2019ರ ಅಕ್ಟೋಬರ್ 1ರಂದು ಮೂರು ಕೋಡ್‌ಗಳು ಒಟ್ಟಿಗೆ ಬಂದವು: ಲೇಟೆಂಟ್ ಟಿಬಿಗೆ ಝಡ್ 22.7, ಅದನ್ನು ಹುಡುಕುವ ಪರೀಕ್ಷೆಯ ಭೇಟಿಗೆ ಝಡ್ 11.7, ಹಿಂದೆ ಇದ್ದು ಈಗ ಮುಗಿದಿರುವುದಕ್ಕೆ ಝಡ್ 86.15. ಇನ್ನೂ ಹಳೆಯ ಚೀಟಿ ನೋಡಿಯೇ ಕೋಡ್ ಮಾಡುವವರ ಕೈಯಲ್ಲಿ ಈ ತಪ್ಪು ಆಗುತ್ತಲೇ ಇರುತ್ತದೆ.

ಒಬ್ಬರೇ ರೋಗಿಯನ್ನು ದಿನದಿಂದ ದಿನಕ್ಕೆ ಹಿಂಬಾಲಿಸಿದರೆ ಇದು ಬಿಡಿಸಿಕೊಳ್ಳುತ್ತದೆ. ಸೋಮವಾರ ಯಾವ ಲಕ್ಷಣವೂ ಇಲ್ಲದ ವ್ಯಕ್ತಿ ಬಂದು ಪಿಪಿಡಿ ಹಾಕಿಸಿಕೊಂಡರು: ಝಡ್ 11.7. ಬುಧವಾರ ಬಂದರು, ಉಬ್ಬು ಅಳೆದಾಯಿತು, ಪಾಸಿಟಿವ್ ಎಂದು ಡಾಕ್ಟರು ಬರೆದರು, ಎದೆಯ ಎಕ್ಸ್‌ರೇಗೆ ಕಳಿಸಿದರು: ಆರ್ 76.11. ಎಕ್ಸ್‌ರೇ ಆರ್ಡರ್‌ಗೂ ಅದೇ ಕೋಡ್, ಸ್ಕ್ರೀನಿಂಗ್ ಕೋಡ್ ಅಲ್ಲ. ಅಸಹಜ ಫಲಿತಾಂಶ ಕಂಡ ಮೇಲೆ ಮಾಡುವುದು ಸ್ಕ್ರೀನಿಂಗ್ ಆಗಿ ಉಳಿಯುವುದಿಲ್ಲ, ರೋಗ ಪತ್ತೆಯಾಗುತ್ತದೆ. ಮುಂದಿನ ವಾರ ಎಕ್ಸ್‌ರೇ ಶುದ್ಧ, ಕೆಮ್ಮಿಲ್ಲ, ಜ್ವರವಿಲ್ಲ, ‘ಲೇಟೆಂಟ್ ಟಿಬಿ ಸೋಂಕು, ರಿಫಾಂಪಿನ್ 4 ತಿಂಗಳು’ ಎಂದು ಡಾಕ್ಟರು ಬರೆದರು: ಆ ದಿನದಿಂದ ಝಡ್ 22.7 ಒಂದೇ. ಚಿಕಿತ್ಸೆ ನಡೆದಿರುವ ಪ್ರತಿ ಭೇಟಿಗೂ ಅದೇ. ಔಷಧಿ ಮುಗಿದ ಮೇಲೆ ಝಡ್ 86.15.

ಎಕ್ಸ್‌ರೇಯಲ್ಲಿ ಗಾಯ ಕಂಡು, ಕಫದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿ, ಶ್ವಾಸಕೋಶದ ಕ್ಷಯ ಎಂದು ಬರೆದರೆ ಎ 15.0. ಆಗ ಆರ್ 76.11 ತೆಗೆದುಬಿಡಿ. ಆ ಕೋಡ್‌ನ ಹೆಸರಿನಲ್ಲೇ ‘ಸಕ್ರಿಯ ಕ್ಷಯವಿಲ್ಲದೆ’ ಎಂಬ ಮಾತು ಇದೆ. ಹೊರರೋಗಿ ಚಾರ್ಟ್‌ನಲ್ಲಿ ‘ಟಿಬಿ ಶಂಕೆ’, ‘ಟಿಬಿ ಇರಬಹುದು’ ಎಂದಿದ್ದರೆ ಎ 15.0 ಹಾಕಲೇಬೇಡಿ. ಲಕ್ಷಣಗಳನ್ನು ಕೋಡ್ ಮಾಡಿ: ಕಫದಲ್ಲಿ ರಕ್ತಕ್ಕೆ ಆರ್ 04.2, ತೂಕ ಇಳಿದಿದ್ದಕ್ಕೆ ಆರ್ 63.4, ಬೆವರಿಗೆ ಆರ್ 61. ಶಂಕೆಯನ್ನು ರೋಗವಾಗಿ ಬರೆದರೆ ಆ ವ್ಯಕ್ತಿಯ ಮುಂದಿನ ವಿಮೆ, ಕೆಲಸ ಎಲ್ಲದರ ಬೆನ್ನಿಗೂ ಅದು ಹತ್ತುತ್ತದೆ.

ಪ್ರಶ್ನೆ: ನಮ್ಮ ಮಗಳಿಗೆ 6 ವರ್ಷ. ಬೆಂಗಳೂರಿನಲ್ಲಿ ಹುಟ್ಟಿದ್ದು, ಹುಟ್ಟಿದಾಗಲೇ ಕ್ಷಯದ ಲಸಿಕೆ ಬಿಸಿಜಿ ಆಗಿದೆ. ಇಲ್ಲಿ ಶಾಲೆಗೆ ಸೇರಿಸುವಾಗ ಚರ್ಮಪರೀಕ್ಷೆ ಮಾಡಿದರು, 11 ಮಿ.ಮೀ. ಉಬ್ಬಿತು. ಆಸ್ಪತ್ರೆಯ ಆ್ಯಪ್‌ನಲ್ಲಿ ಆರ್ 76.11 ಎಂದು ಕಾಣುತ್ತಿದೆ. ಮಗುವಿಗೆ ಟಿಬಿ ಇದೆಯೇ? ಈ ಕೋಡ್ ತೆಗೆಸಬಹುದೇ?
(ಓದುಗರು, ಕ್ಯಾಲಿಫೋರ್ನಿಯಾ)

ಉತ್ತರ: ಟಿಬಿ ಇದೆ ಎಂದು ಆ ಕೋಡ್ ಹೇಳುತ್ತಿಲ್ಲ. ಅದರ ಪೂರ್ತಿ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ‘ಸಕ್ರಿಯ ಕ್ಷಯವಿಲ್ಲದೆ ಟ್ಯೂಬರ್ಕುಲಿನ್ ಚರ್ಮಪರೀಕ್ಷೆಗೆ ತೋರಿದ ಅನಿರ್ದಿಷ್ಟ ಪ್ರತಿಕ್ರಿಯೆ’. ಅನಿರ್ದಿಷ್ಟ ಎಂಬ ಪದವನ್ನು ಗಮನಿಸಿ. ಉಬ್ಬಿಗೆ ಕಾರಣ ಯಾವುದೆಂದು ಇನ್ನೂ ಗೊತ್ತಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ.

ಕಾರಣ ಮೂರು ಇರಬಹುದು. ಒಂದು, ನಿಜವಾಗಿಯೂ ಕ್ಷಯದ ಬ್ಯಾಕ್ಟೀರಿಯಾ ಒಳಗೆ ಹೋಗಿ ಸುಮ್ಮನೆ ಮಲಗಿರುವುದು. ಎರಡು, ಬಿಸಿಜಿ. ಪರೀಕ್ಷೆಯ ದ್ರವದಲ್ಲಿರುವುದು ಹತ್ತಾರು ಪ್ರೋಟೀನ್‌ಗಳ ಮಿಶ್ರಣ, ಅವುಗಳಲ್ಲಿ ಹಲವು ಬಿಸಿಜಿಯಲ್ಲೂ ಇವೆ. ಮೂರು, ಮಣ್ಣು ನೀರಿನಲ್ಲಿರುವ ಕ್ಷಯದ ಸೋದರ ಬ್ಯಾಕ್ಟೀರಿಯಾಗಳು. ದಕ್ಷಿಣ ಭಾರತದಲ್ಲಿ ಈ ಮೂರನೆಯದು ಬಹಳ ಸಾಮಾನ್ಯ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟುವಿನಲ್ಲಿ ಶುರುವಾದ ದೊಡ್ಡ ಬಿಸಿಜಿ ಪ್ರಯೋಗದಲ್ಲೂ ಇದು ಎದ್ದು ಕಂಡಿತ್ತು.

ಹಾಗಂತ ‘ಬಿಸಿಜಿಯಿಂದಲೇ ಬಿಡಿ’ ಎಂದು ತಳ್ಳಿಹಾಕಬೇಡಿ. ಅಮೆರಿಕದ ಮಾರ್ಗಸೂಚಿಯಲ್ಲಿ ಬಿಸಿಜಿ ಆಗಿದೆ ಎಂಬ ಕಾರಣಕ್ಕೆ ಮಿಲಿಮೀಟರ್ ಗೆರೆ ಬದಲಾಗುವುದಿಲ್ಲ. ಎಳೆಯ ಮೈಯಲ್ಲಿ ಹಾಕಿಸಿದ ಬಿಸಿಜಿಯ ಪ್ರಭಾವ ವರ್ಷಗಳು ಕಳೆದಂತೆ ಇಳಿಯುತ್ತದೆ ಕೂಡ. ಡಾಕ್ಟರ ಹತ್ತಿರ ರಕ್ತಪರೀಕ್ಷೆ ಕೇಳಿ. ಅದರಲ್ಲಿ ಬಳಸುವ ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಪ್ರೋಟೀನ್‌ಗಳು ಬಿಸಿಜಿಯಲ್ಲಿಲ್ಲ, ಹಾಗಾಗಿ ಲಸಿಕೆ ಅದನ್ನು ದಾರಿ ತಪ್ಪಿಸುವುದಿಲ್ಲ. ಎದೆಯ ಎಕ್ಸ್‌ರೇ ಹೇಗೂ ಮಾಡಿಸುತ್ತಾರೆ. ಮತ್ತೆ ಚರ್ಮಪರೀಕ್ಷೆ ಮಾಡಿಸುವುದು ಬೇಡ, ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ಕೋಡ್ ತೆಗೆಸುವ ಮಾತು: ಆ ದಿನ ಪರೀಕ್ಷೆ ಪಾಸಿಟಿವ್ ಬಂದದ್ದು ನಿಜ, ಆ ಭೇಟಿಗೆ ಆ ಕೋಡ್ ಸರಿ. ಅಳಿಸುವುದಲ್ಲ, ಮುಂದಿನ ಭೇಟಿಯಲ್ಲಿ ಡಾಕ್ಟರ ಅಂತಿಮ ಅಭಿಪ್ರಾಯ ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳುವುದು ಮುಖ್ಯ. ‘ಚಾಲ್ತಿ ಸಮಸ್ಯೆಗಳ ಪಟ್ಟಿ’ಯಲ್ಲಿ ಹಳೆಯ ಆರ್ 76.11 ಹಾಗೇ ತೂಗಾಡುತ್ತಿದ್ದರೆ ಅದನ್ನು ಸರಿಪಡಿಸಲು ಕೇಳಬಹುದು, ಕೇಳಬೇಕು. ಮಿಲಿಮೀಟರ್ ಅಳತೆ, ರಕ್ತಪರೀಕ್ಷೆ, ಎಕ್ಸ್‌ರೇ ವರದಿ ಮೂರರ ಪ್ರತಿಯನ್ನೂ ಮನೆಯಲ್ಲಿಟ್ಟುಕೊಳ್ಳಿ. ಪ್ರತಿ ಹೊಸ ಶಾಲೆಯಲ್ಲೂ ಕೇಳುತ್ತಾರೆ. ಇನ್ನು, ಲೇಟೆಂಟ್ ಎಂದೇ ಆದರೂ ಮಗುವಿನಿಂದ ಯಾರಿಗೂ ಹರಡುವುದಿಲ್ಲ. ತಂಗಿ ತಮ್ಮಂದಿರ ಜೊತೆ ಧಾರಾಳವಾಗಿ ಆಡಲಿ.

ಪ್ರಶ್ನೆ: ಮಾಂಟೂ ಹಾಕುವುದನ್ನು ಮತ್ತು ಅಳೆಯುವುದನ್ನು ಬಿಡಿಸಿ ಹೇಳಿ. ವಾರ್ಡಿನಲ್ಲಿ ಒಬ್ಬರು ಕೆಂಪಗಾದದ್ದನ್ನು ಅಳೆಯುತ್ತಾರೆ, ಇನ್ನೊಬ್ಬರು ಊದಿದ್ದನ್ನು.
(ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಕೋಡಿಂಗ್‌ನಲ್ಲಿ ಆಗುವ ಎಷ್ಟೋ ಎಡವಟ್ಟಿನ ಬೇರು ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಪ್ರಮಾಣ 0.1 ಮಿ.ಲೀ. ಅಮೆರಿಕದಲ್ಲಿ ಟ್ಯೂಬರ್‌ಸಾಲ್ ಅಥವಾ ಅಪ್ಲಿಸಾಲ್, ಎರಡರಲ್ಲೂ ಆ 0.1 ಮಿ.ಲೀ.ಗೆ 5 ಟ್ಯೂಬರ್ಕುಲಿನ್ ಯೂನಿಟ್. ಬಾಟಲಿ ಫ್ರಿಜ್‌ನಲ್ಲಿರಲಿ, ಬೆಳಕು ತಾಕದಿರಲಿ, ತೆರೆದ ದಿನಾಂಕ ಬರೆದಿಡಿ. ಸಿರಿಂಜಿಗೆ ಎಳೆದಿಟ್ಟು ಆಮೇಲೆ ಚುಚ್ಚೋಣ ಎನ್ನಬೇಡಿ, ಎಳೆದ ಕೂಡಲೇ ಬಳಸಿ. ಟ್ಯೂಬರ್ಕುಲಿನ್ ಸಿರಿಂಜು, 27 ಗೇಜ್ ಸೂಜಿ. ಮುಂಗೈ ಒಳಭಾಗದಲ್ಲಿ, ಮೊಣಕೈ ಮಡಿಕೆಯಿಂದ ಕೆಳಗೆ, ರಕ್ತನಾಳ, ಗಾಯದ ಕಲೆ, ಹಚ್ಚೆ ಇಲ್ಲದ ಜಾಗ. ಚರ್ಮವನ್ನು ಬಿಗಿಯಾಗಿ ಹಿಡಿದು, ಸೂಜಿಯ ಇಳಿಜಾರು ಬಾಯಿ ಮೇಲಕ್ಕಿರುವಂತೆ, ಸೂಜಿಯನ್ನು ಹೆಚ್ಚುಕಡಿಮೆ ಮಲಗಿಸಿಯೇ ಒಳಗೆ ತಳ್ಳಿ. ಮೊನೆ ಚರ್ಮದ ಅಡಿಯಲ್ಲಿ ಕಾಣುತ್ತಿರಬೇಕು. ಔಷಧಿ ಹೋಗುವಾಗ ಕೈಗೆ ತಡೆ ಸಿಗಬೇಕು, 6ರಿಂದ 10 ಮಿ.ಮೀ. ಅಗಲದ ಬಿಳಿಚಿದ ಗುಳ್ಳೆ ಏಳಬೇಕು. ಸಿಪ್ಪೆ ಸುಲಿಯದ ಕಿತ್ತಳೆಯ ಮೇಲ್ಮೈ ಹಾಗೆ ಸಣ್ಣ ಕುಳಿಗಳು ಕಾಣುತ್ತವೆ. ತಡೆಯಿಲ್ಲದೆ ಸರಾಗ ಇಳಿದು ಗುಳ್ಳೆ ಏಳದಿದ್ದರೆ ಔಷಧಿ ಚರ್ಮದ ಕೆಳಗೆ ಹೋಗಿದೆ. ಆಗ 5 ಸೆಂಟಿಮೀಟರ್ ಆಚೆ, ಇಲ್ಲವೇ ಇನ್ನೊಂದು ಕೈಗೆ, ತಕ್ಷಣ ಮತ್ತೆ ಹಾಕಿ. ಎರಡನೆಯ ಜಾಗ ಯಾವುದೆಂದು ಬರೆಯಿರಿ. ಉಜ್ಜಬಾರದು, ಬ್ಯಾಂಡೇಜು ಕಟ್ಟಬಾರದು.

ಅಳೆಯುವುದು 48ರಿಂದ 72 ಗಂಟೆಯ ಒಳಗೆ. ಕೆಂಪನ್ನು ಅಳೆಯುವುದಲ್ಲ. ಕೈಗೆ ಸಿಗುವ ಗಟ್ಟಿ ಉಬ್ಬನ್ನು ಮಾತ್ರ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಅಂಚು ತಿಳಿಯಬೇಕು. ಅಂಚು ಹಿಡಿಯಲು ಬಾಲ್‌ಪೆನ್ ಒಳ್ಳೆಯ ಉಪಾಯ: ಉಬ್ಬಿನಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಪೆನ್ನಿಟ್ಟು ಮಧ್ಯದ ಕಡೆಗೆ ಮೆಲ್ಲಗೆ ಗೆರೆ ಎಳೆಯಿರಿ. ತುದಿ ಎಲ್ಲಿ ತಡೆದು ನಿಲ್ಲುತ್ತದೋ ಅದೇ ಅಂಚು. ಆಚೆ ಕಡೆಯಿಂದಲೂ ಹಾಗೇ ಮಾಡಿ. ಎರಡು ಗೆರೆಗಳ ನಡುವಿನ ಅಂತರವೇ ಅಳತೆ. ಮುಂಗೈಗೆ ಅಡ್ಡಲಾಗಿ ಅಳೆಯಬೇಕು, ಮೊಣಕೈಯಿಂದ ಮಣಿಕಟ್ಟಿನ ಕಡೆಗೆ ಉದ್ದಕ್ಕಲ್ಲ. 9 ಬಂದರೆ 9 ಎಂದೇ ಬರೆಯಿರಿ, 10ಕ್ಕೆ ಏರಿಸಬೇಡಿ. ಐದು ಹತ್ತಕ್ಕೆ ಸುತ್ತುಗಟ್ಟುವ ಚಟ ಇಡೀ ಪರೀಕ್ಷೆಯನ್ನೇ ಕೆಡಿಸುತ್ತದೆ. ಉಬ್ಬೇ ಇಲ್ಲದಿದ್ದರೆ ‘ನೆಗೆಟಿವ್’ ಎಂದು ಬರೆಯದೆ ‘0 ಮಿ.ಮೀ.’ ಎಂದು ಬರೆಯಿರಿ.

ದಾಖಲೆಯಲ್ಲಿ ಇರಬೇಕಾದದ್ದು: ಹಾಕಿದ ದಿನ, ಗಂಟೆ, ಕೈ, ಔಷಧಿಯ ಹೆಸರು, ಲಾಟ್ ನಂಬರ್, ಎಕ್ಸ್‌ಪೈರಿ, ನೋಡಿದ ದಿನ, ಗಂಟೆ, ಮಿಲಿಮೀಟರ್, ಇಬ್ಬರ ಸಹಿ. ಗಂಟೆ ಬರೆಯದಿದ್ದರೆ 48 ಗಂಟೆ ಆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು.

72 ಗಂಟೆ ದಾಟಿ ಬಂದವರಲ್ಲಿ ಪಾಸಿಟಿವ್ ಎನ್ನುವಷ್ಟು ಗಟ್ಟಿ ಉಬ್ಬು ಇನ್ನೂ ಇದ್ದರೆ ಒಂದು ವಾರದವರೆಗೂ ಅದನ್ನು ಪಾಸಿಟಿವ್ ಎಂದು ಒಪ್ಪಬಹುದು. ಉಬ್ಬಿಲ್ಲದಿದ್ದರೆ ನೆಗೆಟಿವ್ ಎನ್ನುವಂತಿಲ್ಲ, ಮತ್ತೆ ಹಾಕಬೇಕು. ಎಂಎಂಆರ್‌ನಂಥ ಜೀವಂತ ಲಸಿಕೆ ಕೊಡುವುದಿದ್ದರೆ ಅದೇ ದಿನ ಎರಡೂ ಮಾಡಿ. ತಪ್ಪಿದರೆ ಲಸಿಕೆಯಾದ ಮೇಲೆ ಕನಿಷ್ಠ 4 ವಾರ ಕಾಯಿರಿ. ನಡುವೆ ಹಾಕಿದರೆ ಸೋಂಕಿದ್ದರೂ ಉಬ್ಬದೆ ಹೋಗಬಹುದು.

ಪ್ರಶ್ನೆ: ಪರೀಕ್ಷೆ ಹಾಕಿದ ದಿನಕ್ಕೆ ಝಡ್ 11.1, ಝಡ್ 11.7, ಝಡ್ 20.1, ಝಡ್ 02 ಇವುಗಳಲ್ಲಿ ಯಾವುದು? ಪ್ರೊಸೀಜರ್ ಕೋಡ್ ಬಗ್ಗೆಯೂ ಹೇಳಿ. ರೋಗಿ ನೋಡಿಸಿಕೊಳ್ಳಲು ಬರದೇ ಹೋದರೆ?
(ಬಿಲ್ಲಿಂಗ್ ವಿಭಾಗ, ಹುಬ್ಬಳ್ಳಿ)

ಉತ್ತರ: ರೋಗಿ ಯಾಕೆ ಬಂದರು ಎನ್ನುವುದನ್ನು ನೋಡಿ. ಲಕ್ಷಣವಿಲ್ಲ, ಒಳಗೆ ಸುಪ್ತ ಸೋಂಕಿದೆಯೇ ಎಂದು ನೋಡಬೇಕು: ಝಡ್ 11.7. ಲಕ್ಷಣವಿಲ್ಲದವರಲ್ಲಿ ಸಕ್ರಿಯ ಶ್ವಾಸಕೋಶ ಕ್ಷಯವನ್ನು ಹುಡುಕುವ ಸ್ಕ್ರೀನಿಂಗ್: ಝಡ್ 11.1. ಚರ್ಮಪರೀಕ್ಷೆ ತೋರಿಸುವುದು ಸೋಂಕನ್ನು, ರೋಗವನ್ನಲ್ಲ. ಅದಕ್ಕೇ 2019ರ ಬಳಿಕ ಬಹುಪಾಲು ಪಿಪಿಡಿಗೆ ಝಡ್ 11.7 ಹೊಂದುತ್ತದೆ. ಆದರೂ ಕೆಲವು ಪೇಯರ್‌ಗಳ (ಹಣ ಕೊಡುವ ವಿಮೆ ಸಂಸ್ಥೆಗಳ) ಪಟ್ಟಿಯಲ್ಲಿ ಝಡ್ 11.1 ಉಳಿದುಕೊಂಡಿದೆ, ಪೇಯರ್ ನಿಯಮ ನೋಡಿಯೇ ಕಳಿಸಿ. ಮನೆಯಲ್ಲೋ ಕೆಲಸದಲ್ಲೋ ಕ್ಷಯರೋಗಿಯ ಒಡನಾಟ ಆಗಿದೆ ಎಂದು ಬರೆದಿದ್ದರೆ ಝಡ್ 20.1. ಮುಂದೆ ಸೋಂಕು ಖಚಿತವಾಗಿ ಝಡ್ 22.7 ಬಂದಾಗ ಝಡ್ 20.1 ಬಿಡಬೇಕು. ಬರೀ ನೌಕರಿ ಸೇರುವ ಪರೀಕ್ಷೆಯ ಭಾಗವಾಗಿದ್ದರೆ ಝಡ್ 02.1, ಶಾಲಾ ಕಾಲೇಜಿಗೆ ಝಡ್ 02.0, ವಲಸೆ ತಪಾಸಣೆಗೆ ಝಡ್ 02.89. ರೋಗಿಗೆ ಮೂರು ವಾರದಿಂದ ಕೆಮ್ಮು, ಅದಕ್ಕೇ ಪರೀಕ್ಷೆ ಎಂದಿದ್ದರೆ ಇವು ಯಾವುವೂ ಅಲ್ಲ, ಕೆಮ್ಮಿನ ಕೋಡ್.

ಪ್ರೊಸೀಜರ್‌ಗೆ, ಅಂದರೆ ಮಾಡಿದ ಕೆಲಸಕ್ಕೆ, ಸಿಪಿಟಿ ಎಂಬ ಬೇರೆ ಪಟ್ಟಿಯ 86580, ಹಾಕಿದ ದಿನಾಂಕಕ್ಕೆ. ಚುಚ್ಚುವ ಕೆಲಸ ಅದರೊಳಗೇ ಸೇರಿದೆ. 90471 ಲಸಿಕೆ ಕೊಡುವುದಕ್ಕೆ, 96372 ಔಷಧಿ ಇಂಜೆಕ್ಷನ್‌ಗೆ. ಎರಡನ್ನೂ ಇಲ್ಲಿ ಸೇರಿಸಬೇಡಿ, ಇದು ಲಸಿಕೆಯೂ ಅಲ್ಲ, ಚಿಕಿತ್ಸೆಯೂ ಅಲ್ಲ. ಅಳೆಯಲು ಬಂದ ದಿನ ನರ್ಸ್ ನೋಡಿ ದಾಖಲಿಸಿದ್ದರೆ 99211 ಹಾಕುವ ರೂಢಿ ಇದೆ, ಪೇಯರ್ ಒಪ್ಪಿದರೆ ಮಾತ್ರ. ಬರೀ ‘ನೆಗೆಟಿವ್’ ಎಂಬ ಒಂದು ಪದ ಅದಕ್ಕೆ ಆಧಾರವಾಗದು. ನೆಗೆಟಿವ್ ಬಂದ ದಿನಕ್ಕೆ ಆರ್ ಕೋಡ್ ಇಲ್ಲ, ಹಾಕಿದ ದಿನದ ಝಡ್ ಕೋಡೇ ಮುಂದುವರಿಯುತ್ತದೆ. ರೋಗಿ ಬರಲೇ ಇಲ್ಲ ಎಂದರೆ 86580 ಹಾಗೇ ಇರುತ್ತದೆ, ಏಕೆಂದರೆ ಪರೀಕ್ಷೆ ಹಾಕಿದ್ದು ನಿಜ. ಫಲಿತಾಂಶದ ಕೋಡ್ ಮಾತ್ರ ಇಲ್ಲ.

ಪ್ರಶ್ನೆ: ಪರೀಕ್ಷೆ ಹಾಕಿದ ಜಾಗ ಕೆಂಪಾಗಿ ತುರಿಸಿದೆ, ಗಟ್ಟಿ ಉಬ್ಬಿಲ್ಲ. ‘ರಿಯಾಕ್ಷನ್’ ಎಂದು ಬರೆದಿದ್ದಾರೆ. ಇದೂ ಆರ್ 76.11 ಆಗುತ್ತದೆಯೇ?
(ಕೋಡರ್, ಬೆಂಗಳೂರು)

ಉತ್ತರ: ಆಗುವುದಿಲ್ಲ. ಆರ್ 76.11ರ ‘ರಿಯಾಕ್ಷನ್’ ಎಂದರೆ ಪರೀಕ್ಷೆಯ ಫಲಿತಾಂಶ, ಔಷಧಿ ಒಗ್ಗದಿರುವುದಲ್ಲ. ಗಟ್ಟಿ ಉಬ್ಬಿಲ್ಲದ ಕೆಂಪು ಫಲಿತಾಂಶದ ಲೆಕ್ಕದಲ್ಲಿ 0 ಮಿ.ಮೀ. ಮೈಯೆಲ್ಲ ದದ್ದು ಎದ್ದು, ಅದು ಪರೀಕ್ಷೆಯ ದ್ರವದಿಂದಲೇ ಆದ ಅಡ್ಡಪರಿಣಾಮ ಎಂದು ಡಾಕ್ಟರು ಬರೆದಿದ್ದರೆ ಮೊದಲು ಆ ತೊಂದರೆಯ ಕೋಡ್, ಜೊತೆಗೆ ರೋಗಪತ್ತೆ ದ್ರವ್ಯಗಳ ಅಡ್ಡಪರಿಣಾಮಕ್ಕಿರುವ ಟಿ 50.8ಎಕ್ಸ್5ಎ. ‘ರಿಯಾಕ್ಷನ್’ ಎಂಬ ಒಂಟಿ ಪದ ಕಂಡರೆ ಯಾವ ಅರ್ಥದ್ದು ಎಂದು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ಅಮೆರಿಕದ ಆಸ್ಪತ್ರೆಗೆ ನರ್ಸ್ ಆಗಿ ಸೇರುತ್ತಿದ್ದೇನೆ. ಮೊದಲ ಪಿಪಿಡಿ 3 ಮಿ.ಮೀ. ಬಂದರೂ ‘ಟೂ ಸ್ಟೆಪ್’ ಎಂದು ಎರಡು ವಾರ ಬಿಟ್ಟು ಮತ್ತೆ ಹಾಕುತ್ತಾರಂತೆ. ಯಾಕೆ?
(ಓದುಗರು, ಶಿವಮೊಗ್ಗ)

ಉತ್ತರ: ಬಹಳ ವರ್ಷದ ಹಿಂದೆ ಸೋಂಕು ತಗುಲಿದವರ ಮೈ ಮೊದಲ ಸಲ ಚುಚ್ಚಿದಾಗ ಅದನ್ನು ಮರೆತಿರಬಹುದು. ಆ ಚುಚ್ಚುಮದ್ದೇ ನೆನಪು ಕೆದಕುತ್ತದೆ, ಎರಡನೇ ಸಲ ಉಬ್ಬುತ್ತದೆ. ಇದನ್ನು ಬೂಸ್ಟರ್ ಪರಿಣಾಮ ಎನ್ನುತ್ತಾರೆ. ಸೇರುವಾಗಲೇ 1ರಿಂದ 3 ವಾರದೊಳಗೆ ಎರಡನೆಯದನ್ನು ಹಾಕಿ ನೋಡಿದರೆ ಅದು ಹಳೆಯ ಸೋಂಕು ಎಂದು ತಿಳಿಯುತ್ತದೆ. ಹಾಗೆ ಮಾಡದೆ ಮುಂದಿನ ವರ್ಷ ಉಬ್ಬಿದರೆ, ಇದೇ ಆಸ್ಪತ್ರೆಯಲ್ಲಿ ಹೊಸದಾಗಿ ತಗುಲಿತು ಎಂದು ತಪ್ಪಾಗಿ ಭಾವಿಸುತ್ತಾರೆ. ನಿಮಗೆ ಬಿಸಿಜಿ ಆಗಿದ್ದರೆ ಬೂಸ್ಟರ್ ಅದರಿಂದಲೂ ಆಗಬಹುದು. ಸೇರುವ ಮೊದಲೇ ರಕ್ತಪರೀಕ್ಷೆ ನಡೆಯುತ್ತದೆಯೇ ಎಂದು ಕೇಳಿ. ಅದಕ್ಕೆ ಒಂದೇ ಸಲ ರಕ್ತ ಕೊಟ್ಟರೆ ಮುಗಿಯಿತು, ಬೂಸ್ಟರ್ ಗೊಂದಲವೂ ಇಲ್ಲ. ಹಿಂದೆಂದಾದರೂ ಚರ್ಮಪರೀಕ್ಷೆ ಪಾಸಿಟಿವ್ ಆಗಿದ್ದರೆ ಹಳೆಯ ಚೀಟಿ ತೋರಿಸಿ, ಮತ್ತೆ ಚುಚ್ಚಿಸಿಕೊಳ್ಳಬೇಡಿ.

ಪ್ರಶ್ನೆ: ಗ್ರೀನ್ ಕಾರ್ಡ್ ವೈದ್ಯಕೀಯ ತಪಾಸಣೆಗೆ ಚರ್ಮಪರೀಕ್ಷೆ ಸಾಕೇ?
(ಓದುಗರು, ಟೆಕ್ಸಾಸ್)

ಉತ್ತರ: ಅಮೆರಿಕದೊಳಗೆ ಸಿವಿಲ್ ಸರ್ಜನ್ (ಅಲ್ಲಿಯ ವಲಸೆ ಇಲಾಖೆ ಗೊತ್ತುಮಾಡಿದ ಡಾಕ್ಟರು) ಮಾಡುವ ತಪಾಸಣೆಯಲ್ಲಿ ಸಾಲದು. 2018ರ ಅಕ್ಟೋಬರ್ 1ರಿಂದ 2 ವರ್ಷ ದಾಟಿದವರಿಗೆ ರಕ್ತಪರೀಕ್ಷೆಯೇ ಆಗಬೇಕು. ಅದು ಪಾಸಿಟಿವ್ ಬಂದರೆ ಎಕ್ಸ್‌ರೇ.

ಪ್ರಶ್ನೆ: ನಮ್ಮೂರಿನ ಆಸ್ಪತ್ರೆಯ ವಿಮೆ ಪತ್ರದಲ್ಲಿ ಆರ್ 76.11 ಬರೆದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಸೈ-ಟಿಬಿ ಎಂಬ ಇನ್ನೊಂದು ಚರ್ಮಪರೀಕ್ಷೆಗೆ ಎಷ್ಟು ಮಿ.ಮೀ. ಗೆರೆ ಎಂದೂ ತಿಳಿಸಿ.
(ಆಸ್ಪತ್ರೆಯ ವಿಮೆ ಕೌಂಟರ್, ದಾವಣಗೆರೆ)

ಉತ್ತರ: ನಿಮ್ಮ ಸಾಫ್ಟ್‌ವೇರ್‌ನಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10 ಆಗಿರಬೇಕು. ಅದರಲ್ಲಿ ಆರ್ 76.1 ಎಂಬಲ್ಲಿಗೆ ಮುಗಿಯುತ್ತದೆ: ಟ್ಯೂಬರ್ಕುಲಿನ್ ಪರೀಕ್ಷೆಗೆ ಅಸಹಜ ಪ್ರತಿಕ್ರಿಯೆ. ಐದನೇ ಅಂಕಿ ಅಮೆರಿಕದವರ ಸೇರ್ಪಡೆ. ಮೂಲ ಪಟ್ಟಿಯಲ್ಲಿ ಬ್ಯಾಕ್ಟೀರಿಯಾ ಸಾಬೀತಾಗದ ಶ್ವಾಸಕೋಶ ಕ್ಷಯಕ್ಕೆ ಎ 16 ಎಂಬ ಗುಂಪೇ ಇದೆ, ಅಮೆರಿಕದ ಪಟ್ಟಿಯಲ್ಲಿ ಅದಿಲ್ಲ. ಅಮೆರಿಕದ ಚಾರ್ಟ್ ಮಾಡಿ ಬಂದವರು ಇಲ್ಲಿಯ ಕೆಲಸಕ್ಕೆ ಕೂತಾಗ ಎಲ್ಲವನ್ನೂ ಎ 15ಕ್ಕೆ ಹಾಕಿಬಿಡುವುದು ಇದರಿಂದಲೇ. 2022ರ ಜನವರಿಯಿಂದ ಜಾರಿಯಾದ ಐಸಿಡಿ-11ರಲ್ಲಿ ಲೇಟೆಂಟ್ ಟಿಬಿಗೆ 1ಬಿ14 ಎಂಬ ಸ್ವಂತ ಕೋಡ್ ಇದೆ.

ಸೈ-ಟಿಬಿ ನೋಡಲು ಮಾಂಟೂ ಹಾಗೆಯೇ: ಚರ್ಮದೊಳಕ್ಕೆ 0.1 ಮಿ.ಲೀ., 48ರಿಂದ 72 ಗಂಟೆಗೆ ಅಳತೆ. ಒಳಗಿನ ದ್ರವ ಮಾತ್ರ ಬೇರೆ, ರಕ್ತಪರೀಕ್ಷೆಯಲ್ಲಿ ಬಳಸುವ ಅದೇ ಇಸ್ಯಾಟ್-6, ಸಿಎಫ್‌ಪಿ-10. ಹಾಗಾಗಿ ಬಿಸಿಜಿ ಆದವರಲ್ಲೂ 5 ಮಿ.ಮೀ. ಅಥವಾ ಹೆಚ್ಚಿದ್ದರೆ ಪಾಸಿಟಿವ್. ಮಾಂಟೂವಿನ 10ರ ಗೆರೆಯನ್ನು ಇದಕ್ಕೆ ಹಚ್ಚಿದರೆ ಸೋಂಕಿರುವವರು ಕೈತಪ್ಪಿ ಹೋಗುತ್ತಾರೆ. ಕಾಗದದಲ್ಲಿ ‘ಸ್ಕಿನ್ ಟೆಸ್ಟ್ 7 ಮಿ.ಮೀ.’ ಎಂದಷ್ಟೇ ಬರೆಯಬೇಡಿ, ಯಾವ ದ್ರವ ಎಂಬುದನ್ನು ಸೇರಿಸಿ ಬರೆಯಿರಿ.

ಪ್ರಶ್ನೆ: ‘ಹಿಂದೆ ಟಿಬಿ ಇತ್ತು, ಚಿಕಿತ್ಸೆ ಆಗಿದೆ’ ಎಂದು ಚಾರ್ಟ್‌ನಲ್ಲಿದೆ. ಝಡ್ 86.11 ಹಾಕಲೋ, ಝಡ್ 86.15 ಹಾಕಲೋ?
(ಕೋಡರ್, ಮೈಸೂರು)

ಉತ್ತರ: ಸಕ್ರಿಯ ರೋಗ ಬಂದು ವಾಸಿಯಾಗಿದ್ದರೆ 86.11. ಸುಪ್ತ ಸೋಂಕಿಗೆ ಮಾತ್ರ ಔಷಧಿ ತೆಗೆದುಕೊಂಡಿದ್ದರೆ 86.15. ಔಷಧಿಗಳ ಪಟ್ಟಿಯಿಂದ ಸುಳಿವು ಸಿಗುತ್ತದೆ: ಐಸೋನಿಯಾಜಿಡ್ ಒಂದೇ 6 ಅಥವಾ 9 ತಿಂಗಳು, ರಿಫಾಂಪಿನ್ ಒಂದೇ 4 ತಿಂಗಳು, ಅಥವಾ ವಾರಕ್ಕೊಮ್ಮೆಯಂತೆ 12 ವಾರ ಎಂದಿದ್ದರೆ ಅದು ಸುಪ್ತ ಸೋಂಕಿನ ಚಿಕಿತ್ಸೆ. ನಾಲ್ಕು ಔಷಧಿಗಳಿಂದ ಶುರುವಾಗಿದ್ದರೆ ಸಕ್ರಿಯ ರೋಗದ್ದು. ಸುಳಿವು ಹಿಡಿದು ನೀವೇ ಕೋಡ್ ಆರಿಸಬೇಡಿ, ಅದನ್ನು ಕ್ವೆರಿಯಲ್ಲಿ ಬರೆದು ಡಾಕ್ಟರಿಗೆ ಕಳಿಸಿ.